ಹುಳ ಮನೆಯಲ್ಲಿದ್ದಾಗ ಕದ್ದ ಕಡತ

ಈ ಬರಹವನ್ನು ನಾನು ಸೇಡಿನಿಂದ ಬರೆಯುತ್ತಿದ್ದೇನೆ ಎಂದು ಹಿಂದಿನ ಸಹೋದ್ಯೋಗಿಯೊಬ್ಬರು ಈಗಾಗಲೇ ಹೇಳಿಕೊಂಡು ತಿರುಗುತ್ತಿದ್ದಾರೆ. ಅವರ ಮಾತು ನಿಜ. ಸೇಡಿನಿಂದ ಬರೆಯುತ್ತಿರುವುದರಿಂದಲೇ ಇದರಲ್ಲಿನ ಒಂದೊಂದು ಸಂಗತಿಯನ್ನೂ, ಯಾವುದು ಮೊದಲು ನಡೆಯಿತು ಯಾವುದು ನಂತರ ಎಂಬುದನ್ನೂ ಕನಿಷ್ಠ ಎರಡು ಕಡೆ ತಾಳೆ ನೋಡಿದ್ದೇನೆ, ತಾಳೆಯಾಗದ್ದನ್ನು ಬಿಟ್ಟಿದ್ದೇನೆ. ಸಿಟ್ಟಿರುವವರು ಒಂದು ತಾರೀಖು ತಪ್ಪಿದರೂ ಸಾಕು, ಎದುರಾಳಿಗೆ ಬೇರೆ ಸಮರ್ಥನೆಯೇ ಬೇಕಾಗುವುದಿಲ್ಲ.

ಯಾರ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ನಾನು ಯಾರ ಪರವಾಗಿ ನಿಂತೆನೋ ಅವರ ಹೆಸರುಗಳು ಇರಬೇಕಾದ ಜಾಗದಲ್ಲಿ ಈಗ ಇವೆ. ಯಾರ ವಿರುದ್ಧ ನಿಂತೆನೋ ಆತನ ಹೆಸರನ್ನು ಮತ್ತೊಂದು ಕಡೆ ಅಚ್ಚಿಗೆ ತರುವ ಉಪಕಾರವನ್ನು ನಾನು ಮಾಡಲಾರೆ.

ಕೆಲಸದ ಸ್ವರೂಪವನ್ನು ಮೊದಲು ಹೇಳಬೇಕು. ಚೀನೀ ಬರಹದಲ್ಲಿ ಪದ ಮತ್ತು ಪದದ ನಡುವೆ ಜಾಗ ಬಿಡುವ ಪದ್ಧತಿಯಿಲ್ಲ. ಅಕ್ಷರಗಳು ಒಂದರ ಪಕ್ಕ ಒಂದು ಸಮಾನ ಅಂತರದಲ್ಲಿ ಸಾಗುತ್ತವೆ. ಒಂದು ಪದ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಆರಂಭವಾಯಿತೆಂಬುದನ್ನು ಓದುವವರು ತಿಳಿವಳಿಕೆಯಿಂದಲೇ ಕಂಡುಕೊಳ್ಳುತ್ತಾರೆ. ಕಂಪ್ಯೂಟರಿಗೆ ಆ ತಿಳಿವಳಿಕೆ ಇರುವುದಿಲ್ಲ. ಅದಕ್ಕೆ ಕಲಿಸಬೇಕಾದರೆ ಮನುಷ್ಯರು ಮೊದಲು ಸಾವಿರಾರು ವಾಕ್ಯಗಳನ್ನು ಕೈಯಾರೆ ಬಿಡಿಸಿ, ಪ್ರತಿ ಪದಕ್ಕೂ ಗುರುತು ಹಾಕಿ ಕೊಡಬೇಕು. ಹಾಗೆ ಗುರುತು ಹಾಕಿದ ಪಠ್ಯಗಳ ಸಂಗ್ರಹವನ್ನು ನಾವು ಪಠ್ಯಕೋಶ ಎನ್ನುತ್ತೇವೆ. ನನ್ನ ಸೇವಾವಧಿಯೆಲ್ಲ ಇದರಲ್ಲಿಯೇ ಕಳೆಯಿತು. ನಿವೃತ್ತಿಯ ನಂತರ ನಾನು ಮಾಡಬೇಕೆಂದುಕೊಂಡದ್ದು ಒಂದೇ ಒಂದು ಪಠ್ಯಕೋಶ: ರೇಷ್ಮೆ ಕೃಷಿಯ ಚೀನೀ ಕೈಪಿಡಿಗಳದ್ದು.

ಅದಕ್ಕಾಗಿ ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವ ಘಟಕವೊಂದರ ಮೇಲ್ಮಹಡಿಯನ್ನು ಬಾಡಿಗೆಗೆ ಹಿಡಿದೆ. ಬೇಯುವ ರೇಷ್ಮೆಗೂಡಿನ ವಾಸನೆ ಮೊದಲ ತಿಂಗಳು ತಲೆನೋವು ತಂದಿತು. ಆಮೇಲೆ ಬೆಂಗಳೂರಿಗೆ ಹೋದಾಗ ಅದಿಲ್ಲದೆ ಏನೋ ಕಡಿಮೆಯಾದಂತೆ ತೋರುತ್ತಿತ್ತು. ಯೋಜನೆಯನ್ನು ಮಂಜೂರು ಮಾಡಿದ್ದು ಬೆಂಗಳೂರಿನ ಒಂದು ಸಂಸ್ಥೆ. ಅದರ ನಿರ್ದೇಶಕರು ಹಿಂದೆ ನನ್ನ ವಿಭಾಗದಲ್ಲಿಯೇ ಇದ್ದವರು. ನನ್ನ ಕರಡುಗಳನ್ನು ಅವರು ಎಷ್ಟು ಗೌರವದಿಂದ ಓದುತ್ತಿದ್ದರೆಂಬುದು ನನಗೆ ನೆನಪಿತ್ತು. ಏಕೆ ಓದುತ್ತಿದ್ದರೆಂಬುದು ತಡವಾಗಿ ತಿಳಿಯಿತು.

ಗುರುತು ಹಾಕುವವರು ಇಬ್ಬರು. ಒಬ್ಬರು ಕೆಳಗಿನ ಘಟಕದ ಒಡತಿ. ಅವರನ್ನು ಕೆಳಮನೆಯವರು ಎಂದು ಕರೆಯುತ್ತೇನೆ. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ, ಗೂಡು ತರುವವರೊಡನೆ ತೆಲುಗು. ಅವರ ಘಟಕಕ್ಕೆ ಚೀನಾದಿಂದ ಯಂತ್ರ ಬಂದಾಗ ಜೊತೆಗೆ ಬಂದ ಕೈಪಿಡಿಯನ್ನು ಯಾರೂ ಓದಲಾರದೆ ಹೋದದ್ದರಿಂದ ಹಟ ಹಿಡಿದು ಆ ಭಾಷೆಯನ್ನು ಕಲಿಯತೊಡಗಿದ್ದರು. ಉಳಿದದ್ದನ್ನು ನಾನು ಕಲಿಸಿದೆ. ಇನ್ನೊಬ್ಬಳು ದಿಬ್ಬೂರಹಳ್ಳಿಯಾಕೆ, ಚೀನೀ ಭಾಷೆಯಲ್ಲಿ ಪದವಿ ಪಡೆದು ಊರಿಗೆ ಮರಳಿದ್ದ ತರುಣಿ. ಮನೆಯಲ್ಲಿ ಹಿಪ್ಪುನೇರಳೆ ತೋಟ, ವರ್ಷದಲ್ಲಿ ಹಲವು ಬೆಳೆ ಹುಳ. ಬೆಳಿಗ್ಗೆ ಹುಳಕ್ಕೆ ಸೊಪ್ಪು ಹಾಕಿ, ಬಸ್ಸಿನಲ್ಲಿ ಬಂದು, ಸಂಜೆಯ ಸೊಪ್ಪಿಗೆ ಹಿಂದಿರುಗುತ್ತಿದ್ದಳು.

ಮೊದಲ ತೊಡಕು ಪಠ್ಯದ್ದೇ. ಹಳೆಯ ಕಿರುಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಅಕ್ಷರವಾಗಿ ಪರಿವರ್ತಿಸುವಾಗ ಯಂತ್ರ ಒಂದನ್ನೊಂದು ಹೋಲುವ ಅಕ್ಷರಗಳನ್ನು ಅದಲುಬದಲು ಮಾಡುತ್ತಿತ್ತು. ಎರಡು ಅಡ್ಡಗೆರೆಗಳಲ್ಲಿ ಮೇಲಿನದು ಉದ್ದವೋ ಕೆಳಗಿನದು ಉದ್ದವೋ ಎಂಬುದರ ಮೇಲೆ ‘ಇನ್ನೂ ಇಲ್ಲ’ ಎಂಬ ಅಕ್ಷರ ‘ತುದಿ’ ಎಂಬ ಅಕ್ಷರವಾಗಿಬಿಡುತ್ತದೆ. ಅದನ್ನೆಲ್ಲ ಕಣ್ಣಿನಿಂದಲೇ ತಿದ್ದಿದೆವು. ಆಮೇಲೆ ಗುರುತುಗಳ ಮೂರು ಹಂತ. ಪದದ ಗಡಿ ಮೊದಲನೆಯದು, ಪದದ ಜಾತಿ ಎರಡನೆಯದು, ಅರ್ಥದ ವರ್ಗ ಮೂರನೆಯದು. ಉದಾಹರಣೆಗೆ ಬಿಳಿ, ಸೆಟೆದ, ರೋಗ ಎಂಬ ಮೂರು ಅಕ್ಷರಗಳು ಒಟ್ಟಿಗೆ ಬಂದರೆ ಅದು ಒಂದೇ ಪದ; ಜಾತಿ ನಾಮಪದ; ಅರ್ಥ ನಾವು ಸುಣ್ಣಕಟ್ಟು ಎನ್ನುವ, ಹುಳ ಸೆಟೆದು ಬೆಳ್ಳಗಾಗುವ ಕಾಯಿಲೆ; ವರ್ಗ ರೋಗ. ಸೊಪ್ಪು, ಸಲಕರಣೆ, ಹುಳದ ಹಂತ, ರೋಗ ಮುಂತಾದ ವರ್ಗಗಳ ಜೊತೆಗೆ ವ್ಯಾಪಾರಿಗಳು, ಸಂದರ್ಶಕರು ಮೊದಲಾದವರಿಗಾಗಿ ‘ಹೊರಗಿನವರು’ ಎಂಬ ವರ್ಗವನ್ನೂ ನಾನು ಇಟ್ಟಿದ್ದೆ. ಅದು ಈ ಕಥನದಲ್ಲಿ ಮತ್ತೆ ಬರುತ್ತದೆ.

ಇಬ್ಬರೂ ಒಬ್ಬರದನ್ನೊಬ್ಬರು ನೋಡದೆ ಒಂದೇ ಪಠ್ಯಕ್ಕೆ ಗುರುತು ಹಾಕಬೇಕು. ಇಬ್ಬರ ಗುರುತುಗಳೂ ಪ್ರತ್ಯೇಕವಾಗಿ ಉಳಿಯುತ್ತವೆ. ಭಿನ್ನವಾದ ಕಡೆ ಕೊನೆಗೆ ನಾನು ತೀರ್ಮಾನ ಕೊಡುತ್ತೇನೆ. ಈ ಕ್ರಮದಲ್ಲಿ ಕೆಲಸ ಚೆನ್ನಾಗಿಯೇ ಸಾಗಿತ್ತು. ಸಣ್ಣ ಪುಸ್ತಕಗಳು ಮುಗಿದು ದೊಡ್ಡ ಕೈಪಿಡಿಯೊಂದನ್ನು ಹಿಡಿದಿದ್ದೆವು. ಒಂದು ಮಧ್ಯಾಹ್ನ, ಇಬ್ಬರ ಗುರುತುಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುತ್ತಿದ್ದಾಗ ಕೆಳಮನೆಯವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೋಡಿ ಮೇಡಂ, ಸುಣ್ಣಕಟ್ಟನ್ನ ನಿಮ್ಮ ಹುಡುಗಿ ನೆಂಟರ ಸಾಲಿಗೆ ಸೇರಿಸಿದ್ದಾಳೆ. ಬಿರಿಯಾನಿ ಮಾಡಿ ಬಡಿಸಬೇಕಾ ಅದಕ್ಕೆ?"

"ನೆಂಟರಲ್ಲ ಆಪಾ, ಹೊರಗಿನವರು," ಎಂದಳು ದಿಬ್ಬೂರಹಳ್ಳಿಯಾಕೆ. "ಹುಳ ಮನೇಲವೆ. ದೊಡ್ಡವಾಗವೆ. ಇವಾಗ ಆ ಹೆಸರು ಹೇಳೋಕೆ ನನ್ನ ಕೈಲಿ ಆಗಲ್ಲ."

"ಬಾಯಲ್ಲಿ ಹೇಳು ಅಂದೋರು ಯಾರು? ಒತ್ತು, ಅಷ್ಟೇ."

"ಒತ್ತೋದೂ ಹೇಳಿದಂಗೇ ಅಲ್ವಾ? ಹೆಸರೆತ್ತಿದ್ರೆ ಅದು ಬಂದೇಬಿಡ್ತದೆ. ನಮ್ಮಮ್ಮಂಗೆ ಗೊತ್ತಾದ್ರೆ ನನ್ನ ಹುಳದ ಮನೆ ಒಳಕ್ಕೇ ಬಿಡಲ್ಲ. ನಮ್ಮನೇಲಿ ಅದನ್ನ ಹೊರಗಿನವರು ಅಂತೀವಿ. ಹೊರಗಿನವರು ಬಂದವ್ರೆ ಅಂದ್ರೆ ಎಲ್ಲರಿಗೂ ತಿಳೀತದೆ."

"ನಮ್ಮನೇಲಿ ದಿನಾ ಗೂಡು ಬೇಯಿಸ್ತೀವಮ್ಮ. ಯಾವ ಹೆಸರು ಹೇಳಿದ್ರೂ ಏನೂ ಆಗಲ್ಲ."

"ನಿಮಗೇನು ಆಪಾ, ನಿಮ್ಮನೇಗೆ ಬರೋಷ್ಟರಲ್ಲಿ ಅದರ ಕಥೆ ಮುಗಿದಿರ್ತದೆ."

ಕೆಳಮನೆಯವರಿಗೆ ನಗು ತಡೆಯಲಾಗಲಿಲ್ಲ. ನನಗೆ ನಗು ಬರಲಿಲ್ಲ. ನಿಯಮ ಬರೆದವಳು ನಾನು; ರೋಗದ ಹೆಸರು ರೋಗದ ವರ್ಗಕ್ಕೇ ಸೇರಬೇಕು ಎಂದೆ. ಆಗ ಆಕೆ ತಾನು ಗುರುತು ಹಾಕುತ್ತಿದ್ದ ಪುಟವನ್ನೇ ನನ್ನ ಮುಂದೆ ತಿರುಗಿಸಿದಳು. ತಮ್ಮ ಸೀಮೆಯಲ್ಲಿ ಹುಳ ಸಾಕುವ ತಿಂಗಳು ಮನೆಯವರು ಆ ಕಾಯಿಲೆಯ ಹೆಸರನ್ನು ನಾಲಗೆಯ ಮೇಲೆ ತರುವುದಿಲ್ಲ ಎಂದು ಆ ಚೀನೀ ಲೇಖಕರು ಬರೆದಿದ್ದರು. "ಅವರೂ ನಮ್ಮಂಗೇ ಮೇಡಂ," ಎಂದಳು. "ನಾನೊಬ್ಬಳೇ ಹುಚ್ಚಿ ಅಲ್ಲ."

ನಾನು ಒಂದು ಷರತ್ತಿನ ಮೇಲೆ ಒಪ್ಪಿದೆ. ಗೂಡು ಮಾರುಕಟ್ಟೆಗೆ ಹೋದ ಕೂಡಲೇ ಆಕೆ ಎಲ್ಲವನ್ನೂ ರೋಗದ ವರ್ಗಕ್ಕೆ ಬದಲಾಯಿಸಬೇಕು. ಕೆಳಮನೆಯವರ ಗುರುತುಗಳು ಸರಿಯಾಗಿಯೇ ಇದ್ದುದರಿಂದ ಯಾವುದೂ ಕಳೆದುಹೋಗುವ ಭಯವಿರಲಿಲ್ಲ. ಆಕೆ ಮಾತು ಉಳಿಸಿಕೊಂಡಳು. ಗೂಡು ಮಾರಿದ ಮರುದಿನ ಬಂದವಳೇ ಚಹಾ ಕೂಡ ಕುಡಿಯದೆ ಕುಳಿತು ಒಂದೊಂದನ್ನೇ ತಿದ್ದಿದಳು.

ಆದರೆ ನಿರ್ದೇಶಕರ ಪತ್ರ ಬಂದದ್ದು ಅದಕ್ಕೆ ಮುಂಚೆ, ಹುಳ ಇನ್ನೂ ಮನೆಯಲ್ಲಿದ್ದ ವಾರದಲ್ಲಿ. ಪರಿಶೀಲನೆಗೆ ಕಡತ ಬೇಕು, ಯಾರಾದರೂ ಒಬ್ಬರ ಗುರುತುಗಳಿದ್ದರೆ ಸಾಕು ಎಂದಿದ್ದರು. ಕೆಲಸ ಅಪೂರ್ಣ, ಕೆಲವು ಗುರುತುಗಳು ತಾತ್ಕಾಲಿಕ ಎಂದು ನಾನು ಬರೆದೆ. ಪರವಾಗಿಲ್ಲ, ಇರುವಂತೆಯೇ ಕಳಿಸಿ ಎಂದು ಉತ್ತರ ಬಂತು. ಕೈಪಿಡಿಯ ಕೊನೆಯವರೆಗೆ ಗುರುತು ಮುಗಿಸಿದ್ದವಳು ದಿಬ್ಬೂರಹಳ್ಳಿಯಾಕೆ ಮಾತ್ರ, ಸಣ್ಣ ಪುಸ್ತಕಗಳನ್ನೂ ಸೇರಿಸಿ ಆಕೆಯದನ್ನೇ ಕಳಿಸಿದೆ.

ಕೆಲವು ವಾರಗಳ ನಂತರ ಬಂದ ಪತ್ರ ಬೇರೆ ಧ್ವನಿಯದು. ಶಿಡ್ಲಘಟ್ಟದ ಕೆಲಸದ ಗುಣಮಟ್ಟ ಸಾಲದು, ತಾಲ್ಲೂಕಿನಲ್ಲಿ ಕುಳಿತವರಿಂದ ಇಂಥ ಕೆಲಸ ಮಾಡಿಸಬಹುದೆಂಬ ಕಲ್ಪನೆಯೇ ತಪ್ಪು, ಯೋಜನೆಯನ್ನು ಕೈಬಿಡಲಾಗಿದೆ, ಕಳಿಸಿದ ಕಡತವನ್ನು ಬಳಸುವುದಿಲ್ಲ ಎಂದಿತ್ತು. ಆ ಪತ್ರವನ್ನು ಇಬ್ಬರಿಗೂ ಓದಿ ಹೇಳಿದೆ. "ತಾಲ್ಲೂಕಿನಲ್ಲಿ ಕುಳಿತವರು ಅಂದ್ರೆ ನಾವಾ?" ಎಂದು ಕೆಳಮನೆಯವರು ಕೇಳಿದರು. ಮರುದಿನವೂ ಇಬ್ಬರೂ ತಮ್ಮ ಹೊತ್ತಿಗೆ ಬಂದು ಕುಳಿತರು. ಸಂಸ್ಥೆಯಿಲ್ಲದೆಯೇ ಪಠ್ಯಕೋಶವನ್ನು ಪೂರ್ಣಗೊಳಿಸಿದೆವು.

ನಾವು ಅದನ್ನು ಪ್ರಕಟಿಸುವ ಸಿದ್ಧತೆಯಲ್ಲಿದ್ದಾಗ ಸಂಸ್ಥೆಯದು ಹೊರಬಂತು. ಅವೇ ಪುಸ್ತಕಗಳು, ಅದೇ ಕೈಪಿಡಿ, ಅವೇ ವರ್ಗಗಳು. ‘ಬೆಂಗಳೂರಿನಲ್ಲಿ ಸಂಸ್ಥೆಯ ತಜ್ಞರ ತಂಡವು ಗುರುತು ಹಾಕಿದ್ದು’ ಎಂಬ ಒಕ್ಕಣೆ. ರೂಪಿಸಿದವರ ಜಾಗದಲ್ಲಿ ನಿರ್ದೇಶಕರ ಹೆಸರೊಂದೇ.

ನನ್ನ ಹೆಸರು ಇಲ್ಲದಿರುವುದನ್ನು ನಾನು ಸಹಿಸಿಕೊಳ್ಳುತ್ತಿದ್ದೆನೋ ಏನೋ. ನನಗೆ ಹೆಸರುಗಳು ಸಾಕಷ್ಟಾಗಿವೆ. ಆದರೆ ಅದೇ ಸಮಯದಲ್ಲಿ ದಿಬ್ಬೂರಹಳ್ಳಿಯಾಕೆ ಗೌರಿಬಿದನೂರಿನ ಖಾಸಗಿ ಕಾಲೇಜೊಂದರಲ್ಲಿ ಭಾಷಾ ಸಹಾಯಕಿಯ ಹುದ್ದೆಗೆ ಅರ್ಜಿ ಹಾಕಿದ್ದಳು. ಚೀನೀ ಪಠ್ಯಕೋಶಕ್ಕೆ ಗುರುತು ಹಾಕಿದ ಅನುಭವವಿದೆ ಎಂದು ಅದರಲ್ಲಿ ಬರೆದಿದ್ದಳು. ಸಂದರ್ಶನದ ದಿನ ಅಲ್ಲಿನವರು ಸಂಸ್ಥೆಗೆ ಫೋನ್ ಮಾಡಿ ವಿಚಾರಿಸಿದರು. ಆ ಹೆಸರಿನವರು ಯಾರೂ ನಮ್ಮಲ್ಲಿ ಕೆಲಸ ಮಾಡಿಲ್ಲ ಎಂದು ನಿರ್ದೇಶಕರೇ ಹೇಳಿದರು. ಆಕೆ ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿ, ಊರಿಗೆ ಹೋಗದೆ ನೇರವಾಗಿ ನನ್ನಲ್ಲಿಗೆ ಬಂದಳು.

"ಬೈದರೇನಮ್ಮ?" ಎಂದು ಕೇಳಿದೆ.

"ಬೈದಿದ್ರೆ ಚೆನ್ನಾಗಿತ್ತು ಮೇಡಂ. ‘ಇನ್ನೊಂದ್ಸಲ ಅರ್ಜಿ ಬರೆಯೋವಾಗ ನೋಡ್ಕೊಂಡು ಬರೀಮ್ಮ’ ಅಂದ್ರು. ನಗ್ತಾ ಅಂದ್ರು." ಹೆಗಲಿನ ಚೀಲವನ್ನು ಕೆಳಗಿಟ್ಟು, "ಆ ಜಾಗ ಇನ್ನೂ ಯಾರಿಗೂ ಕೊಟ್ಟಿಲ್ವಂತೆ. ನಾನು ಮಾತ್ರ ಹೋಗೋ ಹಾಗಿಲ್ಲ," ಎಂದಳು.

ನಾನು ಸೇಡು ಎಂದು ಕರೆಯುವುದು ಆ ಸಂಜೆ ಆರಂಭವಾದದ್ದನ್ನು. ಅದುವರೆಗೆ ಇದ್ದದ್ದು ಅಸಮಾಧಾನ.

ಮೊದಲು ಕ್ರಮಪ್ರಕಾರವೇ ನಡೆದೆ. ಸಂಸ್ಥೆಯ ಸಮಿತಿಗೆ ದೂರು ಕೊಟ್ಟು, ಎರಡು ಪಠ್ಯಕೋಶಗಳನ್ನೂ ಹೋಲಿಸಿ, ಪದದ ಗಡಿಗಳು ಎಷ್ಟೊಂದು ಕಡೆ ಒಂದೇ ಆಗಿವೆಯೆಂದು ತೋರಿಸಿದೆ. ಸಮಿತಿಯ ಉತ್ತರ ಸೌಜನ್ಯದಿಂದ ಕೂಡಿತ್ತು: ಪಠ್ಯ ಒಂದೇ, ನಿಯಮ ಒಂದೇ, ಸಮರ್ಥರಾದ ಇಬ್ಬರು ಪ್ರತ್ಯೇಕವಾಗಿ ಮಾಡಿದರೂ ಫಲ ಒಂದೇ ಆಗುವುದು ಸಹಜ. ಓದಿ ಮೈ ಉರಿಯಿತು. ಆದರೆ ತರ್ಕ ಸರಿಯಾಗಿತ್ತು. ಅವರ ಸ್ಥಾನದಲ್ಲಿ ನಾನಿದ್ದರೂ ಅದನ್ನೇ ಬರೆಯುತ್ತಿದ್ದೆ.

ಹಸ್ತಪ್ರತಿಗಳನ್ನು ಸಂಪಾದಿಸುವವರಿಗೆ ಒಂದು ಹಳೆಯ ಸೂತ್ರ ಗೊತ್ತಿದೆ. ಒಂದು ಓಲೆ ಇನ್ನೊಂದರಿಂದ ಇಳಿದುಬಂದದ್ದೆಂದು ತೋರಿಸಲು ಸರಿಯಾದ ಪಾಠಗಳು ಸಾಕ್ಷಿಯಾಗುವುದಿಲ್ಲ. ಸರಿಯಾದದ್ದನ್ನು ಯಾರು ಬೇಕಾದರೂ ಬರೆದಿರಬಹುದು. ಎರಡರಲ್ಲೂ ಇರುವ ಒಂದೇ ತಪ್ಪು ಮಾತ್ರ ಸಾಕ್ಷಿ. ಅದೂ ಬೇರೆ ಯಾರೂ ಮಾಡಲಾಗದಂಥ ತಪ್ಪಾಗಿರಬೇಕು. ಸಮಿತಿಯ ಉತ್ತರವನ್ನು ಕೈಯಲ್ಲಿ ಹಿಡಿದು ಇದನ್ನು ಇಬ್ಬರಿಗೂ ವಿವರಿಸುತ್ತಿದ್ದಾಗ ದಿಬ್ಬೂರಹಳ್ಳಿಯಾಕೆ ತಲೆಯೆತ್ತಿದಳು.

"ಮೇಡಂ, ನೀವು ಕಡತ ಕಳಿಸಿದಾಗ ನಮ್ಮನೇಲಿ ಹುಳ ಇತ್ತಲ್ಲ?"

ಕೆಳಮನೆಯವರು ಆಗಲೇ ಸಂಸ್ಥೆಯ ಪಠ್ಯಕೋಶವನ್ನು ತೆರೆಯುತ್ತಿದ್ದರು. ರೋಗದ ವರ್ಗವನ್ನು ಕೇಳಿದಾಗ ಸಣ್ಣ ಪುಸ್ತಕಗಳ ಸಾಲುಗಳು ಬಂದವು. ದೊಡ್ಡ ಕೈಪಿಡಿಯಿಂದ ಮೊದಲ ಅಧ್ಯಾಯಗಳವು ಬಂದು, ಒಂದು ಅಧ್ಯಾಯದ ನಡುವೆ ನಿಂತುಹೋದವು. ಅಲ್ಲಿಂದಾಚೆಗೆ ರೋಗವೇ ಇಲ್ಲ. ‘ಹೊರಗಿನವರು’ ಎಂಬ ವರ್ಗವನ್ನು ತೆರೆದಾಗ ಹುಳದ ಮೊಟ್ಟೆ ಮಾರುವವರು, ದಲ್ಲಾಳಿಗಳು, ಅಧಿಕಾರಿಗಳ ಜೊತೆಯಲ್ಲಿ ಸುಣ್ಣಕಟ್ಟು, ಹಾಲುತೊಂಡೆ, ಸಪ್ಪೆ ರೋಗ ಎಂಬ ಹುಳದ ಕಾಯಿಲೆಗಳು ಸಾಲಾಗಿ ಕುಳಿತಿದ್ದವು.

"ನೋಡೇ, ನಿನ್ನ ನೆಂಟರೆಲ್ಲ ಬೆಂಗಳೂರಿಗೆ ಹೋಗಿ ಸೇರಿದ್ದಾರೆ," ಎಂದರು ಕೆಳಮನೆಯವರು.

ನಾನು ಸಂತೋಷಪಡುವ ಮೊದಲು ಪರಿಶೀಲಿಸಬೇಕಿತ್ತು. ಮರಿಹುಳ ಸಾಕಿ ಕೊಡುವ ಚಾಕಿ ಕೇಂದ್ರದಿಂದ ಆ ಮನೆಗೆ ಹುಳ ತಂದ ದಿನ, ಗೂಡು ಮಾರುಕಟ್ಟೆಗೆ ಹೋದ ದಿನ, ನಾನು ಕಡತ ಕಳಿಸಿದ ದಿನ, ಆಕೆ ಪ್ರತಿ ಅಧ್ಯಾಯಕ್ಕೆ ಗುರುತು ಹಾಕಿದ ದಿನ, ಎಲ್ಲವನ್ನೂ ತಾಳೆ ನೋಡಿದೆ. ಹುಳ ಮನೆಗೆ ಬರುವ ಮುಂಚಿನ ಅಧ್ಯಾಯಗಳಲ್ಲಿ ರೋಗ ರೋಗವಾಗಿಯೇ ಇತ್ತು. ಬಂದ ದಿನದಿಂದ ಅದು ಹೊರಗಿನವರಾಗಿತ್ತು. ಗೂಡು ಹೋದ ಮರುದಿನ ನಮ್ಮಲ್ಲಿ ಮತ್ತೆ ರೋಗವಾಯಿತು. ಅವರಲ್ಲಿ ಆಗಲಿಲ್ಲ, ಏಕೆಂದರೆ ಕಡತ ಅಷ್ಟರಲ್ಲಿ ಅವರ ಕೈ ಸೇರಿತ್ತು. ನಿರ್ದೇಶಕರ ಪಠ್ಯಕೋಶದಲ್ಲಿ ಆ ಹುಳಗಳು ಕೊನೆಯವರೆಗೂ ಗೂಡು ಕಟ್ಟಲಿಲ್ಲ. ಆತ ತಾನು ಕದ್ದದ್ದನ್ನು ಒಮ್ಮೆ ಓದಿದ್ದರೂ ಸಾಕಿತ್ತು, ನನ್ನ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ.

ಇದನ್ನು ಸಮಿತಿಗೆ ಬರೆಯಬೇಕೇ ಎಂಬುದೇ ನಿರ್ಣಾಯಕ ಪ್ರಶ್ನೆಯಾಯಿತು. ವಿದ್ವತ್ತಿನ ಮರ್ಯಾದೆಯಂತೆ ಬರೆಯಬೇಕು. ಕರಡನ್ನು ಸಿದ್ಧಪಡಿಸಿಯೂ ಇದ್ದೆ.

"ಬರೆದ್ರೆ ಆ ಕಾಗದ ಮೊದಲು ನಿರ್ದೇಶಕರ ಮೇಜಿಗೇ ಹೋಗತ್ತೆ ಮೇಡಂ," ಎಂದರು ಕೆಳಮನೆಯವರು. "ಸಂಜೆಯೊಳಗೆ ತಿದ್ಕೋತಾರೆ. ಆಮೇಲೆ ಇತ್ತು ಅಂತ ನಾವು, ಇರಲಿಲ್ಲ ಅಂತ ಅವರು."

"ಹಾಗಾದರೆ?"

"ಚಿಂತಾಮಣೀಲಿ ಸಭೆ ಇದೆಯಲ್ಲ. ಎಲ್ಲರ ಮುಂದೆ ಅವರೇ ತೆರೆದು ತೋರಿಸ್ತಾರಲ್ಲ."

ಪಠ್ಯಕೋಶದ ಮೇಲೆ ಕಟ್ಟಿದ ಹುಡುಕು ಸಾಧನವೊಂದನ್ನು ನಿರ್ದೇಶಕರು ಆ ಸಭೆಯಲ್ಲಿ ರೇಷ್ಮೆ ಬೆಳೆಗಾರರ ಮುಂದೆ ಉದ್ಘಾಟಿಸುವವರಿದ್ದರು. ಕನ್ನಡದಲ್ಲಿ ಕೇಳಿದರೆ ಚೀನೀ ಕೈಪಿಡಿಯಿಂದ ಉತ್ತರ ಕೊಡುವ ಸಾಧನ. ಅಲ್ಲಿಯವರೆಗೆ ಅದು ಸಾರ್ವಜನಿಕರಿಗೆ ತೆರೆಯುವುದಿಲ್ಲವೆಂದೂ, ಅದನ್ನು ನಂಬಿ ಯಾರ ಬೆಳೆಯೂ ಕೆಡುವ ಸಂಭವವಿಲ್ಲವೆಂದೂ ಖಚಿತಪಡಿಸಿಕೊಂಡೆ. ಕರಡನ್ನು ಹರಿದುಹಾಕಿದೆ. ಕಾದೆ. ಕಾಯುವುದು ನನಗೆ ಕಷ್ಟವಾಗಲಿಲ್ಲ. ಪ್ರತಿದಿನ ಬೆಳಿಗ್ಗೆ ಅವರ ಪಠ್ಯಕೋಶವನ್ನು ತೆರೆದು ಆ ನೆಂಟರು ಅಲ್ಲಿಯೇ ಇದ್ದಾರೆಯೇ ಎಂದು ನೋಡುತ್ತಿದ್ದೆ, ಇರುತ್ತಿದ್ದರು. ಆ ತಿಂಗಳುಗಳಲ್ಲಿ ನನಗೆ ಬೆಳಗಿನ ಕಾಫಿಗಿಂತ ಅದು ಹೆಚ್ಚು ರುಚಿಸಿತು.

ಸಭೆಯ ದಿನ ನಾವು ಮೂವರೂ ಕೈವಾರದ ಮೇಲೆ ಹೋಗುವ ಬಸ್ಸಿನಲ್ಲಿ ಚಿಂತಾಮಣಿಗೆ ಹೋದೆವು. ಸಭಾಂಗಣ ತುಂಬಿತ್ತು. ಬೆಳೆಗಾರರು, ನೂಲು ಬಿಚ್ಚುವ ರೀಲರುಗಳು, ವಿದ್ಯಾರ್ಥಿಗಳು. ಒಂದು ಬದಿಯಲ್ಲಿ ಹುಳ ಸಾಕುವ ಮನೆಗಳ ಹೆಂಗಸರು. ನಾನು ಹಿಂದಿನ ಸಾಲಿನಲ್ಲಿ ಕುಳಿತೆ. ಕೇಳಬೇಕಾದವಳು ಆಕೆಯೇ ಎಂದು ಮೊದಲೇ ನಿಶ್ಚಯಿಸಿದ್ದೆವು. ನಿರ್ದೇಶಕರು ಸೊಪ್ಪು, ತೇವಾಂಶ, ಹುಳ ಗೂಡು ಕಟ್ಟುವ ಚಂದ್ರಿಕೆ ಎಂದು ಒಂದೊಂದನ್ನೇ ಹುಡುಕಿ ತೋರಿಸಿ, ಚಪ್ಪಾಳೆ ಮುಗಿದ ಮೇಲೆ ಪ್ರಶ್ನೆಗಳನ್ನು ಆಹ್ವಾನಿಸಿದರು. ಆಕೆ ಎದ್ದಳು. ನಿರ್ದೇಶಕರು ಆಕೆಯ ಮುಖವನ್ನು ಎಂದೂ ಕಂಡಿರಲಿಲ್ಲ.

"ನಮಸ್ಕಾರ ಸಾರ್. ಸುಣ್ಣಕಟ್ಟು ಹುಡುಕಿ ತೋರಿಸ್ತೀರಾ?" ಆ ದಿನ ಆಕೆಯ ಮನೆಯಲ್ಲಿ ಹುಳ ಇರಲಿಲ್ಲ.

ರೋಗದ ಹೆಸರನ್ನು ಸಾಧನ ರೋಗದ ವರ್ಗದಲ್ಲಿ ಮಾತ್ರ ಹುಡುಕುತ್ತಿತ್ತು; ಸಣ್ಣ ಪುಸ್ತಕಗಳ ಮತ್ತು ಕೈಪಿಡಿಯ ಮೊದಲ ಅಧ್ಯಾಯಗಳ ಕೆಲವು ಸಾಲುಗಳು ತೆರೆಯ ಮೇಲೆ ಬಂದವು.

"ಇವೆಲ್ಲ ಹಳೇ ಪುಸ್ತಕದವು, ಕೈಪಿಡೀದು ಅಂದ್ರೆ ಮೊದಮೊದಲಿನವು. ದೊಡ್ಡ ಕೈಪಿಡೀಲಿ, ಹುಳ ದೊಡ್ಡದಾಗೋ ಅಧ್ಯಾಯದಲ್ಲಿ, ಏನೂ ಇಲ್ವಾ ಸಾರ್?"

ನಿರ್ದೇಶಕರು ತೆರೆಯನ್ನು ನೋಡಿದರು. "ಆ ಅಧ್ಯಾಯಗಳಲ್ಲಿ ರೋಗದ ವಿಷಯ ಬಂದಿಲ್ಲಮ್ಮ."

"ನೀವೇ ಗುರುತು ಹಾಕಿಸಿದ್ದಾ ಸಾರ್?"

"ಒಂದೊಂದು ಸಾಲನ್ನೂ. ನನ್ನ ಮೇಲ್ವಿಚಾರಣೆಯಲ್ಲೇ."

"ಹಂಗಾದ್ರೆ ಹೊರಗಿನವರು ಅಂತ ಒಂದು ವರ್ಗ ಇರ್ತದೆ. ಅದನ್ನ ಒಂದ್ಸಲ ತೆಗೀರಿ."

ಯಂತ್ರದ ಮುಂದೆ ಕುಳಿತಿದ್ದ ಸಹಾಯಕರು ತೆಗೆದರು. ಸಾಧನ ಚೀನೀ ಪದದ ಪಕ್ಕದಲ್ಲಿ ಕನ್ನಡವನ್ನೂ ತೋರಿಸುತ್ತಿತ್ತು. ದಲ್ಲಾಳಿ. ಅಧಿಕಾರಿ. ಸುಣ್ಣಕಟ್ಟು. ಸಂದರ್ಶಕ. ಹಾಲುತೊಂಡೆ. ಸಪ್ಪೆ ರೋಗ. ಸುಣ್ಣಕಟ್ಟು. ಸುಣ್ಣಕಟ್ಟು.

ಗಂಡಸರ ಸಾಲುಗಳಲ್ಲಿ ಯಾರಿಗೂ ತಕ್ಷಣ ಹೊಳೆಯಲಿಲ್ಲ. ಹೆಂಗಸರ ಕಡೆಯಿಂದ ವಯಸ್ಸಾದ ಒಬ್ಬರು ಪಕ್ಕದವರಿಗೆ ಹೇಳಿದರು. ಧ್ವನಿ ತಗ್ಗಿಸುವ ಅಭ್ಯಾಸ ಅವರಿಗಿರಲಿಲ್ಲ. "ಅಯ್ಯೋ, ಇದು ನಮ್ಮ ಕಡೆ ಹೆಣ್ಮಗಳು ಮಾಡಿರೋದು ಕಣೇ. ಮನೇಲಿ ಹುಳ ಇಟ್ಕೊಂಡು ಮಾಡವ್ಳೆ."

ನಗು ಅಲ್ಲಿಂದ ಹೊರಟು ಸಾಲಿನಿಂದ ಸಾಲಿಗೆ ಬಂತು. ತಿಳಿಯದವರಿಗೆ ತಿಳಿದವರು ವಿವರಿಸುತ್ತಾ ಹೋದರು. ಅದು ಹಿಂದಿನ ಸಾಲನ್ನು ಮುಟ್ಟುವವರೆಗೆ ತಡೆದು ನಾನು ಎದ್ದು ನಿಂತೆ. ನಿರ್ದೇಶಕರು ನನ್ನನ್ನು ಕಂಡರು. ನಾನು ಕೇಳಿದ್ದು ಒಂದೇ ಪ್ರಶ್ನೆ.

"ಬೆಂಗಳೂರಿನ ನಿಮ್ಮ ತಜ್ಞರಲ್ಲಿ ಯಾರ ಮನೆಯಲ್ಲಿ ಹುಳ ಇತ್ತು?"

ನಾನು ಕುಳಿತುಕೊಳ್ಳಲಿಲ್ಲ. ಆತ ಧ್ವನಿವರ್ಧಕವನ್ನು ಮೇಜಿನ ಮೇಲಿಟ್ಟು ವೇದಿಕೆಯಿಂದ ಇಳಿಯುವವರೆಗೂ ನಿಂತೇ ಇದ್ದೆ.

ಊಟದ ಹೊತ್ತಿಗೆ ಆತ ನನ್ನನ್ನು ಹುಡುಕಿಕೊಂಡು ಬಂದರು. "ಮೇಡಂ, ನಿಮ್ಮನ್ನು ಪ್ರಧಾನ ಸಂಪಾದಕರು ಅಂತ ಹಾಕೋಣ. ವಿಷಯ ಇಲ್ಲಿಗೆ ಬಿಡೋಣ," ಎಂದರು. ಮೊದಲು ಆಕೆಯ ಹೆಸರು, ಆಮೇಲೆ ಕೆಳಮನೆಯವರದು, ಆಮೇಲೆ ನನ್ನದು, ನಿಮ್ಮದು ಬೇಡ ಎಂದೆ. ಆತ ಕೈ ಚಾಚಿದರು. ನನ್ನ ಕೈಯಲ್ಲಿ ಊಟದ ತಟ್ಟೆ ಇತ್ತು, ಅದನ್ನು ಕೆಳಗಿಡಬಹುದಿತ್ತು. ಇಡಲಿಲ್ಲ.

ಸಭೆಯಲ್ಲಿ ಅಷ್ಟು ಜನ ಕಂಡದ್ದನ್ನು ತಿದ್ದಿ ಅಳಿಸುವಂತಿರಲಿಲ್ಲ. ಸಮಿತಿ ಈ ಸಲ ತಾರೀಖುಗಳನ್ನು ಕೇಳಿತು. ಎಲ್ಲವನ್ನೂ ಕೊಟ್ಟೆ, ಒಂದೂ ತಪ್ಪಲಿಲ್ಲ. ಸಂಸ್ಥೆ ತನ್ನ ಪಠ್ಯಕೋಶವನ್ನು ಹಿಂತೆಗೆದುಕೊಂಡು, ನಮ್ಮದನ್ನು ನಾನು ಹೇಳಿದ ಕ್ರಮದಲ್ಲಿಯೇ ಮೂರು ಹೆಸರುಗಳೊಡನೆ ಪ್ರಕಟಿಸಲು ಒಪ್ಪಿತು. ನಾನು ಇನ್ನೊಂದನ್ನು ಸೇರಿಸಿದೆ. ಗೌರಿಬಿದನೂರಿನ ಕಾಲೇಜಿಗೆ ತಾವು ಫೋನಿನಲ್ಲಿ ಹೇಳಿದ್ದು ಸುಳ್ಳು ಎಂದು ನಿರ್ದೇಶಕರು ಪತ್ರ ಬರೆದು, ಅದನ್ನು ಖುದ್ದಾಗಿ ಆಕೆಯ ಮನೆಗೆ ತಲುಪಿಸಬೇಕು. ಅಂಚೆಯಲ್ಲಿ ಕಳಿಸಿದರೆ ಸಾಲದೇ ಎಂದು ಸಮಿತಿಯವರೊಬ್ಬರು ಕೇಳಿದರು. ಸಾಲದು ಎಂದೆ.

ಆ ಪತ್ರ ಎರಡು ಸಲ ಬಂತು. ಎರಡನೆಯ ಸಲದ್ದು ಸರಿಯಾಗಿತ್ತು. ಅದನ್ನು ಹಿಡಿದು ಆಕೆ ಮತ್ತೆ ಸಂದರ್ಶನಕ್ಕೆ ಹೋದಳು. ಕಳೆದ ಸಲ ನಕ್ಕಿದ್ದವರೇ ಈ ಸಲ ಕುರ್ಚಿ ಎಳೆದು ಕೊಟ್ಟರಂತೆ. ಈಗ ಗೌರಿಬಿದನೂರಿನಲ್ಲಿಯೇ ಕೋಣೆ ಹಿಡಿದು, ಮನೆಯಲ್ಲಿ ಬೆಳೆ ಇದ್ದಾಗ ಊರಿಗೆ ಬರುತ್ತಾಳೆ. ನಾನು ಬರೆದು ಮುಗಿಸಬೇಕಾದದ್ದು ಮೊದಲ ಸಲದ ವಿಷಯ.

ಅಂದು ನಿರ್ದೇಶಕರ ಕಾರು ದಿಬ್ಬೂರಹಳ್ಳಿಯ ಆ ಮನೆಯ ಮುಂದೆ ನಿಂತಾಗ ನಾನು ಜಗಲಿಯ ಮೇಲೆ ಕುಳಿತಿದ್ದೆ. ಹುಳಕ್ಕೆ ಕಾಯಿಲೆ ತಗಲದಂತೆ ಬಾಗಿಲಿನ ಮುಂದೆ ಸುಣ್ಣದ ಪುಡಿ ಹರಡಿದ್ದರು. ಆತ ಹೊಸ್ತಿಲಿನತ್ತ ನಡೆದುಬರುವಾಗ ಆಕೆ ಒಳಗಿನಿಂದ ಕೈ ಅಡ್ಡ ಹಿಡಿದಳು.

"ಹುಳ ಮನೇಲವೆ ಸಾರ್. ಅಲ್ಲೇ ನಿಂತ್ಕೊಳ್ಳಿ. ಸೊಪ್ಪು ಹಾಕ್ತಾ ಇದ್ದೀನಿ, ಬರ್ತೀನಿ."

ಆತ ಬಿಸಿಲಿನಲ್ಲಿ ನಿಂತರು. ಸೊಪ್ಪು ಹಾಕುವುದು ನಿಧಾನದ ಕೆಲಸ. ಆಕೆ ಅದನ್ನು ಎಂದಿನಂತೆಯೇ ಮಾಡಿದಳು. ಬೇಗವೂ ಮಾಡಲಿಲ್ಲ, ತಡವೂ ಮಾಡಲಿಲ್ಲ. ಕೈ ಒರೆಸಿಕೊಂಡು ಹೊರಬಂದು, ಪತ್ರವನ್ನು ತೆಗೆದುಕೊಂಡು, ನೋಡದೆಯೇ ನನ್ನ ಕೈಗಿತ್ತಳು. ನಾನು ಮೊದಲಿನಿಂದ ಕೊನೆಯವರೆಗೆ ಓದಿದೆ. ಭಾಷೆ ಚೆನ್ನಾಗಿತ್ತು. ಆದರೆ ಕಡತ ತಮ್ಮ ಕೈಸೇರಿದ ತಾರೀಖನ್ನು ಆತ ಗೂಡು ಮಾರಿದ ನಂತರದ್ದೆಂದು ಬರೆದಿದ್ದರು. ಅಷ್ಟರಲ್ಲಿ ಆಕೆ ಎಲ್ಲವನ್ನೂ ತಿದ್ದಿಯಾಗಿತ್ತು; ಆ ತಾರೀಖನ್ನು ಒಪ್ಪಿದರೆ ಅವರ ತಪ್ಪು ನಮ್ಮ ಕಡತದಿಂದ ಹೋದದ್ದೇ ಅಲ್ಲವೆಂದಾಗುತ್ತಿತ್ತು.

"ಈ ತಾರೀಖು ತಪ್ಪಿದೆ," ಎಂದೆ.

"ಅಷ್ಟೇನಾ? ಇಲ್ಲೇ ಪೆನ್ನಿನಲ್ಲಿ ತಿದ್ದಿಬಿಡ್ತೀನಿ ಮೇಡಂ."

"ಬೇಡ. ಹೊಸದಾಗಿ ಬರೆಸಿ ತನ್ನಿ."

ಆತ ನನ್ನನ್ನೂ ಆಕೆಯನ್ನೂ ನೋಡಿ, ಪತ್ರವನ್ನು ಮಡಿಸಿಕೊಂಡು ಕಾರಿನತ್ತ ನಡೆದರು. ಕಾರು ತಿರುಗುತ್ತಿದ್ದ ಸದ್ದಿಗೆ ಹುಳದ ಮನೆಯೊಳಗಿಂದ ಆಕೆಯ ತಾಯಿ ಕೂಗಿ ಕೇಳಿದರು. "ಯಾರೇ ಅಮ್ಮಣ್ಣಿ ಬಂದಿದ್ದು?"

"ಹೊರಗಿನವರು ಕಣಮ್ಮ," ಎಂದಳು.

ತಾಯಿ ಬೊಗಸೆಯಲ್ಲಿ ಸುಣ್ಣದ ಪುಡಿ ಹಿಡಿದು ಹೊರಬಂದು, ಆತ ನಿಂತಿದ್ದ ಜಾಗಕ್ಕೆ ಚೆಲ್ಲಿದರು.